ಸ್ಕೂಟರ್ ಮೇಲೆ ಕೂತು ಓಡಿಸಿದ ಕೋಚ್

ಶನಿವಾರ ಬೆಳಿಗ್ಗೆ ಅಡುಗೆಮನೆಯ ನೆಲದ ಮೇಲೆ ಕೂತು, ನೆನೆಹಾಕಿದ್ದ ಅವರೆಕಾಳನ್ನು ಹಿತುಕುತ್ತಿದ್ದೆ. ಬೆರಳ ತುದಿಗಳೆಲ್ಲ ನೀರಿಗೆ ಸುಕ್ಕುಗಟ್ಟಿದ್ದವು. ನಮ್ಮ ಮನೆಯವರು ಮೊಬೈಲು ಹಿಡಿದು ಬಾಗಿಲಲ್ಲಿ ಬಂದು ನಿಂತರು.

"ಕೋಚ್ ಸಾರ್ ಹೋಗ್ಬಿಟ್ರಂತೆ ಕಣೇ. ನೆನ್ನೆ ಸಂಜೆ."

ಮೊದಲು ನನ್ನ ಕಣ್ಣ ಮುಂದೆ ಬಂದದ್ದು ಅವರ ಕಾಲುಚೀಲ. ಮಂಡಿಯವರೆಗೂ ಎಳೆದು ಹಾಕಿದ, ಹಾಲಿನ ಬಿಳುಪಿನ ಕಾಲುಚೀಲ. ಅದರ ಮೇಲೆ ನೀಲಿ ಚಡ್ಡಿ, ಚಡ್ಡಿಯ ಮೇಲೆ ಗಣಪತಿಯದಂಥ ಹೊಟ್ಟೆ, ಹೊಟ್ಟೆಯ ಮೇಲೆ ಹಳದಿ ದಾರದಲ್ಲಿ ತೂಗಾಡುವ ಪೀಪಿ. ಇಷ್ಟನ್ನೂ ಒಂದು ಹಳೆಯ ಸ್ಕೂಟರಿನ ಸೀಟಿನ ಮೇಲೆ ಕೂರಿಸಿಬಿಟ್ಟರೆ ಅದೇ ನಮ್ಮ ಬಡಾವಣೆಯ ಓಟದ ಕೋಚ್.

"ರಾಮ ರಾಮ" ಎಂದೆ. ಸಾವಿನ ಸುದ್ದಿ ಕೇಳಿದಾಗ ಅನ್ನಬೇಕಾದದ್ದನ್ನು ಅಂದೆ. ಕೈ ಕೆಲಸ ನಿಲ್ಲಿಸಲಿಲ್ಲ, ಕಣ್ಣಿಗೆ ನೀರೂ ಬರಲಿಲ್ಲ. ದಿನಾ ಎರಡು ಹೊತ್ತು ದೇವರ ಮುಂದೆ ಕೂರುವವಳು ನಾನು, ಬಂತು ಅಂತ ಸುಳ್ಳು ಬರೆಯಲಾರೆ.

ಇವರು ಬಾಗಿಲು ಬಿಟ್ಟು ಕದಲಲಿಲ್ಲ. "ಗ್ರೂಪಲ್ಲಿ ಹಾಕಿದಾರೆ. ನಾಳೆ ಭಾನುವಾರ ಅಲ್ವಾ, ಸಾರ್ ನೆನಪಿಗೆ ಎಲ್ಲಾ ಓಡ್ತಾರಂತೆ. ಇಲ್ಲಿಂದ ಕೆಂಗೇರಿ ತನಕ."

"ಓಡ್ಲಿ."

"ನಂದೂ ಹೆಸರು ಹಾಕ್ಬಿಟ್ಟಿದಾರೆ."

"ಅವರು ಹಾಕಿದಾರಾ, ನೀವು ಹಾಕಿಸ್ಕೊಂಡ್ರಾ?"

ಇವರು ಸ್ಟೂಲು ಎಳೆದುಕೊಂಡು ಹತ್ತಿ, ಅಟ್ಟದಿಂದ ಓಟದ ಬೂಟಿನ ಡಬ್ಬವನ್ನು ಇಳಿಸಿ ಧೂಳು ಊದತೊಡಗಿದರು.

ಆ ಡಬ್ಬ ನೋಡಿದ್ದೇ ನನ್ನ ಕೈ ಕೆಲಸ ನಿಂತಿತು. ಏಕೆಂದರೆ ಬರುವ ವಾರ ಇವರು ಅಯ್ಯಪ್ಪನ ಮಾಲೆ ಹಾಕಬೇಕು. ನಮ್ಮ ಮಗಳಿಗೆ ಡೆಂಗಿ ಬಂದು, ಆಸ್ಪತ್ರೆಯಲ್ಲಿ ಡಾಕ್ಟರು ಮುಖ ಕೆಳಗೆ ಹಾಕಿದ್ದ ದಿನ ಕಟ್ಟಿಕೊಂಡ ಹರಕೆ ಅದು. ಮಗಳು ಎದ್ದು ಕೂತಳು, ಈಗ ಕಾಲೇಜಿಗೂ ಹೋಗುತ್ತಿದ್ದಾಳೆ. ಆದರೆ ಅಪ್ಪ ಮಾತ್ರ ಇನ್ನೂ ಬೆಟ್ಟ ಹತ್ತಿಲ್ಲ. ಒಂದು ವರ್ಷ ಮಾಲೆ ಹಾಕಿಯೂ ಹೋಗಲಾಗಲಿಲ್ಲ. ಮುಂದಿನ ವರ್ಷ ಕಾಲು ಇನ್ನೂ ಸರಿಹೋಗಿರಲಿಲ್ಲ. ಅದರ ಮುಂದಿನ ವರ್ಷ ನಮ್ಮತ್ತೆ ತೀರಿಕೊಂಡು ವರ್ಷದ ಸೂತಕ. ಈ ಸಲ ಎಲ್ಲ ಸರಿಹೋಗಿದೆ ಅಂತ ನಾನು ದಿನಾ ತುಪ್ಪದ ದೀಪ ಹಚ್ಚುತ್ತಿದ್ದರೆ, ಇವರು ಬೂಟಿನ ಧೂಳು ಊದುತ್ತಿದ್ದಾರೆ! ಒಂದು ಸಲ ಬಿರುಕು ಬಿಟ್ಟ ಕಾಲು ಇನ್ನೊಂದು ಸಲ ಬಿಡುವುದು ಸುಲಭ, ಬಿಟ್ಟ ಅಭ್ಯಾಸಕ್ಕೆ ಏಕಾಏಕಿ ಇಳಿದರಂತೂ ಮುಗಿದೇ ಹೋಯಿತು ಎಂದು ಮೂಳೆ ಡಾಕ್ಟರು ನನ್ನ ಮುಂದೆಯೇ ಹೇಳಿದ್ದರು.

ಆ ಮೊದಲ ಸಲದ ಬಿರುಕಿಗೆ ಕಾರಣ ಈಗ ತೀರಿಕೊಂಡ ಮಹಾನುಭಾವರು. ಅದಕ್ಕೇ ಅವರ ವಿಷಯ ಬರೆಯುತ್ತಿದ್ದೇನೆ. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಅನ್ನುತ್ತಾರೆ. ಆದದ್ದನ್ನು ಆದ ಹಾಗೆ ಆಡಬಹುದು ಅಂತ ನಾನು ತಿಳಿದಿದ್ದೇನೆ.

ಅವರು ನಮ್ಮ ಎದುರುಮನೆಯ ಮೇಲುಮಹಡಿಯಲ್ಲಿದ್ದರು. ರಾಜಾಜಿನಗರದ ಕಡೆಯ ಒಂದು ಕಾರ್ಖಾನೆಯಲ್ಲಿ ಟೈಮ್ ಆಫೀಸಿನ ಗುಮಾಸ್ತರಾಗಿ ನಿವೃತ್ತರಾದವರು. ಬಂದವರ ಕಾರ್ಡು ಪಂಚ್ ಆಯಿತೋ ಇಲ್ಲವೋ, ಯಾರು ತಡ, ಯಾರು ಬೇಗ ಎಂದು ನೋಡಿಕೊಳ್ಳುವ ಕೆಲಸ. ವಯಸ್ಸಿನಲ್ಲಿದ್ದಾಗ ಕಾರ್ಖಾನೆಯ ವಾರ್ಷಿಕೋತ್ಸವದ ಓಟದಲ್ಲಿ ಗೆದ್ದು ಒಂದು ಸ್ಟೀಲಿನ ಕೊಳಗ ಬಹುಮಾನ ತಂದಿದ್ದರಂತೆ. ಆ ಕೊಳಗದಲ್ಲಿ ಒಂದು ದಿನವೂ ಸಾರು ಕುದಿಯಲಿಲ್ಲ, ಷೋಕೇಸಿನಲ್ಲಿ ಬೊಂಬೆಯ ಜೊತೆ ಕೂತಿತ್ತು. ಆ ಒಂದು ಕೊಳಗದ ಮೇಲೆ ಅವರು ಕೋಚ್ ಆದರು. ಇದಕ್ಕಿಂತ ಬೇರೆ ಓದು, ತರಬೇತಿ, ಏನೂ ಇರಲಿಲ್ಲ. ನಾನೂ ಸ್ಕೂಲಿನಲ್ಲಿ ನಿಂಬೆಹಣ್ಣು-ಚಮಚದ ಓಟ ಗೆದ್ದವಳು. ನನ್ನನ್ನು ಯಾರೂ ಕೋಚ್ ಅನ್ನಲಿಲ್ಲ.

ನಿವೃತ್ತರಾದ ಮೇಲೆ ಪಾರ್ಕಿನಲ್ಲಿ ನಡೆಯುವವರನ್ನು ಹಿಡಿದು ಹಿಡಿದು ಓಡುವವರನ್ನಾಗಿ ಮಾಡಿದರು. ಬ್ಯಾಂಕಿನವರು, ಅಂಗಡಿಯವರು, ಮೂಲೆಮನೆಯ ಟೀಚರಮ್ಮ, ಲಗ್ಗೆರೆಯಿಂದ ರಾತ್ರಿ ಪಾಳಿ ಮುಗಿಸಿ ನೇರ ಓಡಲು ಬರುತ್ತಿದ್ದ ಒಬ್ಬ ಕಾರ್ಖಾನೆಯವನು, ಎಲ್ಲರೂ ಸೇರಿದರು. ಬೆಳಗ್ಗೆ ಹಾಲಿನವನು ಬರುವ ಮುಂಚೆ ನಮ್ಮ ರಸ್ತೆಯಲ್ಲಿ ಪೀಪಿ ಕೂಗುತ್ತಿತ್ತು. ಇವರೆಲ್ಲ ಮುಂದೆ ಓಡುವುದು, ಕೋಚ್ ಸಾರ್ ಹಿಂದಿನಿಂದ ಸ್ಕೂಟರಿನಲ್ಲಿ ಅಟ್ಟಿಸಿಕೊಂಡು ಹೋಗುವುದು. "ಎತ್ರೀ ಮಂಡಿ! ಎಮ್ಮೆ ಕೆರೆಗೆ ಹೋದಂಗೆ ಹೋಗ್ತೀರಲ್ರೀ!"

"ಸಾರ್, ನೀವು ಓಡಲ್ವಾ?" ಎಂದು ಟೀಚರಮ್ಮ ಒಂದು ದಿನ ಕೇಳಿದರಂತೆ.

"ಕುರಿ ಕಾಯೋನು ಕುರಿ ಜೊತೆ ಹುಲ್ಲು ಮೇಯ್ತಾನೇನಮ್ಮಾ?"

ಎಲ್ಲರೂ ನಕ್ಕರಂತೆ. ತಮ್ಮನ್ನು ಕುರಿ ಅಂದದ್ದಕ್ಕೆ ನಗುವ ಜನ ಅಂಥ ಕುರುಬನಿಗೆ ಸರಿಯಾಗಿಯೇ ಸಿಕ್ಕಿದ್ದರು.

ಅವರದು ಇನ್ನೊಂದು ಮಾತಿತ್ತು, ಅದನ್ನು ಗುಂಪಿನವರು ಅಂಗಿಯ ಬೆನ್ನ ಮೇಲೂ ಅಚ್ಚು ಹಾಕಿಸಿಕೊಂಡಿದ್ದರು. "ಕಾಲು ಅನ್ನೋದು ಹಟದ ಮಗು. ಅತ್ತಾಗ ಎತ್ಕೋಬಾರ್ದು." ಮಕ್ಕಳನ್ನು ಸಾಕಿದ ಯಾವ ಹೆಂಗಸೂ ಆಡುವ ಮಾತಲ್ಲ ಇದು. ಮಗು ಯಾಕೆ ಅಳುತ್ತದೆ? ಹಸಿವಿಗೆ, ಹೊಟ್ಟೆನೋವಿಗೆ, ಇರುವೆ ಕಚ್ಚಿದ್ದಕ್ಕೆ. ಎತ್ತಿಕೊಂಡು ನೋಡದೆ ಹಟ ಅಂತ ಹೇಗೆ ಗೊತ್ತಾಗುತ್ತದೆ? ಟೀಚರಮ್ಮನಿಗೆ ಬೆಳಿಗ್ಗೆ ಹಾಸಿಗೆಯಿಂದ ಎದ್ದು ಮೊದಲ ಹೆಜ್ಜೆ ಇಟ್ಟರೆ ಹಿಮ್ಮಡಿಗೆ ಮೊಳೆ ಹೊಡೆದ ಹಾಗೆ ಆಗುತ್ತಿತ್ತು. ಅದೂ ಹಟ. ನಿದ್ದೆಯಿಲ್ಲದೆ ಓಡುತ್ತಿದ್ದ ಆ ಲಗ್ಗೆರೆಯವನ ತೊಡೆಯ ಹಿಂದಿನ ಸ್ನಾಯು ಹರಿದು, ಅವನು ತಿಂಗಳುಗಟ್ಟಲೆ ಕೆಲಸಕ್ಕೂ ಕುಂಟಿಕೊಂಡೇ ಹೋದ. ಅದೂ ಹಟ. ಹೊಸದಾಗಿ ಯಾರೇ ಬರಲಿ, ಹಿಂದೆ ಎಲ್ಲಾದರೂ ಬಿದ್ದಿದ್ದೀರಾ, ಕಾಲು ತಿರುಚಿದೆಯಾ, ದಿನವೆಲ್ಲ ಕೂತು ಮಾಡುವ ಕೆಲಸವೇ, ನಿಂತು ಮಾಡುವುದೇ, ರಾತ್ರಿ ಎಷ್ಟು ಹೊತ್ತಿಗೆ ಮಲಗುತ್ತೀರಿ ಎಂದು ಒಂದು ಮಾತು ಕೇಳಿದವರಲ್ಲ. ಕಾರ್ಡು ಪಂಚ್ ಮಾಡಿಸಿದ ಹಾಗೆ ಎಲ್ಲರನ್ನೂ ಒಂದೇ ಬಾಗಿಲಿನಲ್ಲಿ ನುಗ್ಗಿಸಿದರು. ಹೊಸ ಕಬ್ಬಿಣದ ಹೆಂಚು ತಂದರೆ ಎಣ್ಣೆ ಸವರಿ, ಈರುಳ್ಳಿ ತಿಕ್ಕಿ, ದಿನಗಟ್ಟಲೆ ಪಳಗಿಸಿಯೇ ನಾವು ದೋಸೆ ಹುಯ್ಯುವುದು. ಕಬ್ಬಿಣಕ್ಕೆ ಇರುವ ಮರ್ಯಾದೆ ಮನುಷ್ಯರ ಮೂಳೆಗೆ ಇರಲಿಲ್ಲ.

ಅಂಗಿಯ ಜೇಬಿನಲ್ಲಿ ಯಾವಾಗಲೂ ನೋವಿನ ಮಾತ್ರೆಯ ಸ್ಟ್ರಿಪ್ಪು. ಓಟಕ್ಕೆ ಮೊದಲು ಯಾರಾದರೂ ಮುಖ ಹಿಂಡಿದರೆ, "ಒಂದು ಹಾಕ್ಕೊಳ್ಳಿ, ನೋವು ಹತ್ರ ಸುಳಿಯಲ್ಲ" ಎಂದು ಕೊಡುತ್ತಿದ್ದರು. ಓದಿದವರು, ಆಫೀಸರುಗಳು, ತೀರ್ಥಕ್ಕೆ ಕೈ ಒಡ್ಡಿದ ಹಾಗೆ ಬಲಗೈ ಗುಳಿ ಮಾಡಿ ಒಡ್ಡುವುದನ್ನು ನಾನೇ ನೋಡಿದ್ದೇನೆ. ತೀರ್ಥ ತೆಗೆದುಕೊಂಡ ಮೇಲೆ ಕೆಲವರು ತಲೆಗೂ ಸವರಿಕೊಳ್ಳುತ್ತಾರಲ್ಲ, ಅದೊಂದು ಬಾಕಿಯಿತ್ತು.

ನಮ್ಮ ಮನೆಯವರು ಕೋಚ್ ಸಾರ್ ಕೈಗೆ ಸಿಕ್ಕಿದ್ದು ಸಕ್ಕರೆ ಕಾಯಿಲೆ ಹೊಸ್ತಿಲಲ್ಲಿ ನಿಂತಾಗ. ಪೀಣ್ಯದ ಒಂದು ಕಂಪನಿಯಲ್ಲಿ ಸ್ಟೋರ್ಸ್ ನೋಡಿಕೊಳ್ಳುವವರು, ಬೆಳಗಿನಿಂದ ಸಂಜೆವರೆಗೆ ಕುರ್ಚಿ. ಹುಡುಗನಾಗಿದ್ದಾಗ ಬಸ್ಸಿನ ಫುಟ್‌ಬೋರ್ಡಿನಿಂದ ಬಿದ್ದು ಎಡಗಾಲು ತಿರುಚಿತ್ತು, ಈಗಲೂ ಚಳಿ ಬಿದ್ದರೆ ಕಣಕಾಲು ಊದುತ್ತದೆ. ಅದನ್ನು ಹೇಳಿದರೆ ಕೋಚ್ ಸಾರ್, "ಹಳೇ ಬಾಕಿ ಎಲ್ಲಾ ಮನ್ನಾ ಸಾರ್, ಇವತ್ತಿಂದ ಹೊಸಾ ಕಾಲು" ಎಂದರಂತೆ. ಮೊದಲ ವಾರ ದೇವಸ್ಥಾನದ ಸುತ್ತ. ಆಮೇಲೆ ನೋಡುತ್ತಿದ್ದ ಹಾಗೆ ಮಾಗಡಿ ರಸ್ತೆ, ನಾಗರಭಾವಿ, ಹೇರೋಹಳ್ಳಿ. ನಿಜ ಹೇಳಬೇಕು, ಸಕ್ಕರೆ ಇಳಿಯಿತು, ಸಂಜೆಯ ಬೋಂಡ ನಿಂತಿತು, ಇವರ ಮುಖದಲ್ಲಿ ಒಂದು ಕಳೆ ಬಂತು. ಇದು ದೇವರು ಮಾಡಿದ ಸಣ್ಣ ಕೃಪೆ, ಅವರ ಮೂಲಕ ಮಾಡಿಸಿದ. ಇದನ್ನು ನಾನು ಮರೆಯುವುದಿಲ್ಲ. ಆದರೆ ನಡೆದಿದ್ದರೂ ಇಷ್ಟೇ ಇಳಿಯುತ್ತಿತ್ತು ಅನ್ನುವುದನ್ನೂ ಮರೆಯುವುದಿಲ್ಲ.

ನನಗೆ ಒಂದು ವಿಷಯ ಮೊದಲೇ ಗೊತ್ತಿತ್ತು. ಬೆಳಿಗ್ಗೆ ನಾನು ಬಾಗಿಲಿಗೆ ನೀರು ಹಾಕಿ ರಂಗೋಲಿ ಎಳೆಯುವ ಹೊತ್ತಿಗೆ, ಗುಂಪು ಸೇರುವ ಮುಂಚೆಯೇ, ಎದುರುಮನೆಯ ಹೊರಮೆಟ್ಟಿಲಿನಲ್ಲಿ ಕೋಚ್ ಸಾರ್ ಇಳಿಯುತ್ತಿದ್ದರು. ಬೆನ್ನು ರಸ್ತೆಯ ಕಡೆ, ಮುಖ ಮನೆಯ ಕಡೆ. ಎರಡು ಕೈಯಲ್ಲೂ ಕಂಬಿ ಹಿಡಿದು, ಅಟ್ಟದಿಂದ ಏಣಿಯಲ್ಲಿ ಇಳಿಯುವವರ ಹಾಗೆ, ಒಂದು ಕಾಲು ಊರಿ, ಅದರ ಪಕ್ಕಕ್ಕೆ ಇನ್ನೊಂದನ್ನು ತಂದು, ಉಸಿರು ಬಿಟ್ಟು, ಮತ್ತೆ. ಕೆಳಗೆ ಬಂದ ಮೇಲೆ ಗೋಡೆಗೆ ಒರಗಿ ಕಾಲುಚೀಲದ ಮೇಲಿನಿಂದಲೇ ಮಂಡಿ ತಿಕ್ಕಿಕೊಂಡು, ಸ್ಕೂಟರಿನ ಮೇಲೆ ಕೂತು ಪೀಪಿಯನ್ನು ಬಾಯಿಗೆ ಹಾಕುತ್ತಿದ್ದರು. ಅಷ್ಟು ಹೊತ್ತಿಗೆ ಜನ ಬರುತ್ತಿದ್ದರು. ಅವರು ಕಂಡದ್ದು ಸ್ಕೂಟರ್ ಮೇಲಿನ ಕೋಚನ್ನು ಮಾತ್ರ.

"ಅವರಿಗೆ ಮೆಟ್ಲು ಇಳಿಯೋಕೇ ಆಗಲ್ಲ ರೀ" ಎಂದು ಇವರಿಗೆ ಹೇಳಿದೆ.

"ವಯಸ್ಸಾಯ್ತಲ್ವಾ. ಅವರ ಕಾಲದಲ್ಲಿ ಎಷ್ಟು ಓಡಿದಾರೆ ಗೊತ್ತಾ?"

"ಅದಕ್ಕೇ ಹಿಂಗಾಗಿರೋದು."

"ನಿಂಗೆ ಎಲ್ಲರ ಮೇಲೂ ಅನುಮಾನ ಕಣೇ. ದೇವರೊಬ್ಬನ್ನ ಬಿಟ್ಟು."

ಆ ವರ್ಷ ಕಾರ್ತಿಕದಲ್ಲಿ ಇವರು ಹರಕೆಯ ಮಾಲೆ ಹಾಕಿದರು. ಕಪ್ಪು ಪಂಚೆ, ತಣ್ಣೀರು ಸ್ನಾನ, ಎರಡು ಹೊತ್ತು ಶರಣು, ಚಾಪೆಯ ಮೇಲೆ ಮಲಗುವುದು, ಕಾಲಿಗೆ ಚಪ್ಪಲಿಯಿಲ್ಲ. ಸದ್ಯ, ಬೂಟೂ ಹಾಕುವಂತಿಲ್ಲ, ಮಂಡಲ ಮುಗಿಯುವ ತನಕವಾದರೂ ಈ ಓಟ ನಿಂತಿತು ಎಂದು ನಾನು ಸ್ವಾಮಿಗೆ ಒಂದು ತೆಂಗಿನಕಾಯಿ ಹೆಚ್ಚಿಗೇ ಒಡೆದೆ. ಮಾರನೆಯ ಬೆಳಿಗ್ಗೆ ನೋಡಿದರೆ ಇವರು ಪಂಚೆಯನ್ನು ಮಡಚಿ ಕಟ್ಟಿಕೊಂಡು ಬರಿಗಾಲಿನಲ್ಲಿ ಗುಂಪಿನ ಜೊತೆ ನಿಂತಿದ್ದಾರೆ! ಕೋಚ್ ಸಾರ್ ಸ್ಕೂಟರ್ ಮೇಲಿನಿಂದ ಉಪದೇಶ ಮಾಡುತ್ತಿದ್ದಾರೆ.

"ಸ್ವಾಮೀ, ಇದು ಅಯ್ಯಪ್ಪನೇ ಕೊಟ್ಟಿರೋ ಚಾನ್ಸು. ಫಾರಿನ್ನಲ್ಲಿ ದುಡ್ಡು ಕೊಟ್ಟು ಬರಿಗಾಲಲ್ಲಿ ಓಡೋದು ಕಲೀತಾರೆ. ನಿಮಗೆ ಫ್ರೀ! ಮೈಯೆಲ್ಲಾ ಹಗುರ, ವ್ರತದ ಶಕ್ತಿ ಬೇರೆ. ಈ ತಿಂಗಳಲ್ಲೇ ನಿಮ್ಮ ಸ್ಪೀಡು ಏರಿಸ್ಬಿಡೋಣ."

ಮನೆಯಿಂದ ಬಸ್ಸಿಗೆ, ಬಸ್ಸಿನಿಂದ ಆಫೀಸಿಗೆ ಜೀವಮಾನವೆಲ್ಲ ಚಪ್ಪಲಿ ಹಾಕಿಕೊಂಡು ನಡೆದ ಕಾಲು. ಅದನ್ನು ಒಂದೇ ದಿನಕ್ಕೆ ಬಿಚ್ಚಿ, ಆಗಷ್ಟೇ ಕಾಂಕ್ರೀಟು ಹಾಕಿದ್ದ ರಸ್ತೆಯ ಮೇಲೆ, ಮೊದಲಿಗಿಂತ ಜೋರಾಗಿ ಓಡಿಸುವುದು! ಚಪ್ಪಲಿ ಬಿಡುವುದು ತಗ್ಗಿ ನಡೆಯಲಿ ಅಂತ. ಮೆಡಲು ಗೆಲ್ಲಲಿ ಅಂತ ಯಾವ ಗುರುಸ್ವಾಮಿಯೂ ಬಿಡಿಸುವುದಿಲ್ಲ. ನನಗೆ ಬಾಯಿಗೆ ಬಂದಷ್ಟು ಬಯ್ಯಬೇಕು ಅನ್ನಿಸಿತು. ಆದರೆ ಮಾಲೆ ಹಾಕಿದವರು ಗಂಡನಾದರೂ ಸ್ವಾಮಿಯೇ, ಗಟ್ಟಿಯಾಗಿ ಒಂದು ಮಾತು ಆಡುವಂತಿಲ್ಲ. ಕೈ ಮುಗಿದುಕೊಂಡೇ ಕೇಳಿದೆ.

"ಸ್ವಾಮೀ, ಸ್ವಾಮಿಗಳಿಗೆ ಸ್ವಲ್ಪನಾದ್ರೂ ಬುದ್ಧಿ ಇದೆಯಾ ಸ್ವಾಮೀ?"

"ಸ್ವಾಮಿ ಶರಣಂ" ಎಂದು ಹೇಳಿ ಇವರು ಓಡಿದರು.

ಕೆಲವೇ ದಿನಕ್ಕೆ ಎಡಗಾಲಿನ ಪಾದದ ಮೇಲೆ ಸಣ್ಣ ಬಾವು ಬಂತು. ಒತ್ತಿದರೆ ಒಂದೇ ಕಡೆ ನೋವು. ಪೂಜೆಗೆ ಕೂತು ಏಳುವಾಗ ಮುಖ ಹಿಂಡುತ್ತಿದ್ದರು. ನಾನು ಕೇಳಿದರೆ, "ಅಯ್ಯಪ್ಪ ಪರೀಕ್ಷೆ ಮಾಡ್ತಿದಾನೆ" ಅನ್ನುವುದು. ಕೋಚ್ ಸಾರನ್ನು ಕೇಳಿದರೆ, ಹಟದ ಮಗು. ಒಬ್ಬರು ದೇವರ ಹೆಸರಿನಲ್ಲಿ, ಇನ್ನೊಬ್ಬರು ಓಟದ ಹೆಸರಿನಲ್ಲಿ, ಇಬ್ಬರೂ ಸೇರಿ ಆ ಕಾಲಿನ ಬಾಯಿ ಮುಚ್ಚಿಸಿದರು. ಮಾತ್ರೆ ನುಂಗುವುದು ವ್ರತಕ್ಕೆ ಅಡ್ಡಿಯಿಲ್ಲ ಎಂದು ಆ ಪುಣ್ಯಾತ್ಮರೇ ಶಾಸ್ತ್ರವನ್ನೂ ಹೇಳಿದರಂತೆ.

ಒಂದು ಬೆಳಿಗ್ಗೆ ಕಾಂಕ್ರೀಟ್ ರಸ್ತೆಯಲ್ಲಿ ಜೋರು ಓಟ ಇಟ್ಟಿದ್ದರು. ಕಾಲೊಳಗೆ ನುಗ್ಗೆಕಾಯಿ ಮುರಿದ ಹಾಗೆ ಸದ್ದಾಯಿತು ಎಂದು ಇವರು ಆಮೇಲೆ ಹೇಳಿದರು. ಕುಂಟಿದರೆ ಹಿಂದಿನಿಂದ ಪೀಪಿ. "ನಿಲ್ಬೇಡಿ ಸ್ವಾಮೀ! ನಿಂತ್ರೆ ಹಿಡ್ಕೊಳುತ್ತೆ, ಓಡಿ ಓಡಿ!" ಈ ಮನುಷ್ಯ ಆ ಕಾಲಿನಲ್ಲಿ ಮನೆ ತನಕ ಓಡಿಕೊಂಡೇ ಬಂದು ನನ್ನ ರಂಗೋಲಿಯ ಮೇಲೆ ಕುಸಿದು ಕೂತರು.

ಮೂಳೆ ಡಾಕ್ಟರು ಎಕ್ಸ್‌ರೇ ಹಿಡಿದು ತೋರಿಸಿದರು. ಪಾದದ ಉದ್ದ ಮೂಳೆಯಲ್ಲಿ ಬಿರುಕು. ಒಂದೇ ದಿನಕ್ಕೆ ಆದದ್ದಲ್ಲ, ದಿನಾ ಸ್ವಲ್ಪ ಸ್ವಲ್ಪ ಬಿಟ್ಟು ಕೊನೆಗೆ ಒಡೆದದ್ದು ಎಂದರು. ಆಮೇಲೆ ಅವರು ಪ್ರಶ್ನೆ ಕೇಳಿದರು. ಹಳೆಯ ಪೆಟ್ಟು ಇದೆಯಾ, ಓಟ ಎಷ್ಟು ಬೇಗ ಹೆಚ್ಚಿಸಿದಿರಿ, ಬೂಟು ಯಾವಾಗ ಬಿಟ್ಟಿರಿ, ಮಧ್ಯೆ ಒಂದು ದಿನವಾದರೂ ಬಿಡುವು ಕೊಟ್ಟಿರಾ, ನೋವು ಶುರುವಾದ ಮೇಲೂ ಓಡಿದಿರಾ. ಇವರು ಒಂದೊಂದಕ್ಕೂ ತಲೆ ತಗ್ಗಿಸುತ್ತ ಹೋದರು. ಕೋಚ್ ಅನ್ನಿಸಿಕೊಂಡವರು ಮೊದಲ ದಿನ ಪಾರ್ಕಿನ ಕಲ್ಲುಬೆಂಚಿನ ಮೇಲೆ ಕೂರಿಸಿ ಇಷ್ಟು ಕೇಳಿದ್ದರೆ ಸಾಕಿತ್ತು.

ಪಟ್ಟಿ ಹಾಕಿದ ಕಾಲಿನಲ್ಲಿ ಬೆಟ್ಟ ಹತ್ತುವುದೆಲ್ಲಿ? ಇರುಮುಡಿ ಕಟ್ಟುವ ದಿನ ಇವರ ಹೆಸರಿನ ತುಪ್ಪದ ಕಾಯಿಯನ್ನು ಬೇರೆ ಸ್ವಾಮಿಯ ಗಂಟಿನಲ್ಲಿ ಕಳಿಸಿದೆವು. ದೇವಸ್ಥಾನದಲ್ಲಿ ಗುರುಸ್ವಾಮಿ ಇವರ ಕತ್ತಿನಿಂದ ಮಾಲೆ ತೆಗೆದು, ತಪ್ಪುಕಾಣಿಕೆ ಹಾಕಿಸಿದರು. ಎಲ್ಲರೂ ಶರಣು ಕೂಗುತ್ತ ಬಸ್ಸು ಹತ್ತಿದರು. ಇವರು ಊರುಗೋಲು ಹಿಡಿದು ಗರುಡಗಂಬದ ಪಕ್ಕ ನಿಂತು, ಮದುವೆಯಾದ ಮೇಲೆ ನಾನು ಒಂದು ಸಲವೂ ನೋಡದ ಹಾಗೆ ಬಿಕ್ಕಿ ಬಿಕ್ಕಿ ಅತ್ತರು. ಮಗಳು ಅಪ್ಪನ ತೋಳು ಹಿಡಿದುಕೊಂಡಿದ್ದಳು. ತನಗೋಸ್ಕರ ಕಟ್ಟಿದ ಹರಕೆ ಮುರಿಯಿತೆಂದು ಅವಳಿಗೂ ಗೊತ್ತಿತ್ತು. ಆ ದಿನಕ್ಕೆ ಕ್ಷಮೆ ನನ್ನಲ್ಲಿಲ್ಲ. ಅಯ್ಯಪ್ಪ ದೊಡ್ಡವನು, ಬೇಕಾದರೆ ಅವನು ಕ್ಷಮಿಸಲಿ.

ವಾರದ ಮೇಲೆ ಕೋಚ್ ಸಾರ್ ಒಂದು ಚಿಪ್ಪು ಏಲಕ್ಕಿಬಾಳೆ ಹಿಡಿದು ನೋಡಲು ಬಂದರು. ಕೊಟ್ಟ ಉಪ್ಪಿಟ್ಟನ್ನು ಎರಡು ಸಲ ಹಾಕಿಸಿಕೊಂಡು ತಿಂದರು. ಆಮೇಲೆ ಕಾಲನ್ನು ನೋಡಿ ತೀರ್ಪು ಕೊಟ್ಟರು.

"ಮೂಳೆ ವೀಕು ಸಾರ್ ನಿಮ್ದು. ಮನೇಲಿ ರಾಗಿ, ಹಾಲು ಸರಿಯಾಗಿ ಬೀಳ್ತಿಲ್ಲ ಅನ್ಸುತ್ತೆ. ಪಟ್ಟಿ ಬಿಚ್ಚಿದ ತಕ್ಷಣ ನಂಗೆ ಕೊಡಿ, ಹದಿನೈದೇ ದಿನದಲ್ಲಿ ಓಡಿಸ್ತೀನಿ."

ನಾನು ಕಾಫಿ ಲೋಟ ಅವರ ಮುಂದಿಟ್ಟು ಅಲ್ಲೇ ನಿಂತೆ. "ನಮ್ಮನೇಲಿ ದಿನಾ ಮುದ್ದೇನೇ ಸಾರ್. ಅದು ಬಿಡಿ, ನೀವು ಕೊನೇ ಸಲ ಓಡಿದ್ದು ಯಾವಾಗ?"

"ಯಾಕಮ್ಮಾ?"

"ದಿನಾ ಬೆಳಿಗ್ಗೆ ನೋಡ್ತೀನಿ ಸಾರ್. ನೀವು ಹಿಂದುಮುಂದಾಗಿ ಮೆಟ್ಲಿಳಿಯೋದು."

ನಮ್ಮ ಮನೆಯವರು, "ಏ, ಒಳಗ್ಹೋಗು" ಎಂದರು. ನಾನು ಹೋಗಲಿಲ್ಲ. ಕೋಚ್ ಸಾರ್ ತಲೆಯೆತ್ತಲಿಲ್ಲ. ಸಿಟ್ಟು ಬಂದಿದ್ದರೆ ಕಾಫಿ ಬಿಟ್ಟು ಎದ್ದು ಹೋಗಬೇಕಿತ್ತು, ಆ ಮಟ್ಟದ ಮಾನವೂ ಇರಲಿಲ್ಲ. ಕೊನೆಯ ಗುಟುಕಿನವರೆಗೂ ಕುಡಿದು, ಲೋಟ ಕೆಳಗಿಟ್ಟು, ಬಹಳ ಸಣ್ಣ ದನಿಯಲ್ಲಿ ಒಂದು ಮಾತು ಹೇಳಿದರು.

"ಗೊತ್ತಾಗ್ಬಿಟ್ರೆ ಯಾರಮ್ಮಾ ಬರ್ತಾರೆ?"

ನಮ್ಮ ಮೆಟ್ಟಿಲನ್ನೂ ಅವರು ಹಾಗೆಯೇ ಬೆನ್ನು ತಿರುಗಿಸಿ ಇಳಿದರು. ಇವರು ಕಿಟಕಿಯಿಂದ ನೋಡುತ್ತಲೇ ಇದ್ದರು. ಪಾಪ ಅನ್ನಿಸಲಿಲ್ಲವೇ ಎಂದು ನೀವು ಕೇಳಬಹುದು. ಅನ್ನಿಸಲಿಲ್ಲ. ಬೆಳಗಾಗೆದ್ದು ಒಂದಿಷ್ಟು ಜನ ತಮ್ಮನ್ನು ಸಾರ್ ಅನ್ನಬೇಕು ಎಂಬುದಕ್ಕಾಗಿ ಊರವರ ಕಾಲನ್ನು ಪಣಕ್ಕಿಟ್ಟವರನ್ನು ಪಾಪ ಅನ್ನಲು ನನ್ನ ನಾಲಿಗೆ ಹೊರಳುವುದಿಲ್ಲ.

ಸ್ವಲ್ಪ ಕಾಲಕ್ಕೆ ಮನೆಯನ್ನು ಬಾಡಿಗೆಗೆ ಕೊಟ್ಟು ಅವರು ಕೆಂಗೇರಿಯ ಕಡೆ ಲಿಫ್ಟ್ ಇರುವ ಫ್ಲಾಟಿಗೆ ಹೋದರು. ಗುಂಪು ಬೇರೊಬ್ಬ ಯುವಕನ ಕೈಗೆ ಹೋಯಿತು. ಅಂಗಿಯ ಬೆನ್ನ ಮೇಲಿನ ಮಾತು ಮಾತ್ರ ಹಾಗೇ ಉಳಿಯಿತು. ಈಗ ಸಾವಿನ ಸುದ್ದಿ.

ಹೆಣ ಎತ್ತುವುದರೊಳಗೆ ಮುಖ ನೋಡಿ ಬರೋಣ ಎಂದು ಇವರೂ ನಾನೂ ವಿಜಯನಗರದಲ್ಲಿ ಮೆಟ್ರೋ ಹತ್ತಿ ಕೆಂಗೇರಿಗೆ ಹೋದೆವು. ದಾರಿಯಲ್ಲಿ ಇವರು, "ಒಂದು ದಿನ ತಾನೇ ಕಣೇ, ನಿಧಾನಕ್ಕೆ ಓಡ್ತೀನಿ. ಹೋಗ್ಲಿಲ್ಲ ಅಂದ್ರೆ ಜನ ಏನಂತಾರೆ?" ಎಂದರು. "ಹೋಗಿ ಕಾಲು ಮುರ್ಕೊಂಡ್ರೆ ಅಯ್ಯಪ್ಪ ಏನಂತಾನೆ?" ಎಂದೆ.

ಫ್ಲಾಟಿನ ಕೆಳಗಡೆ, ಕಾರು ನಿಲ್ಲಿಸುವ ಜಾಗದಲ್ಲಿ ಐಸ್ ಪೆಟ್ಟಿ ಇಟ್ಟಿದ್ದರು. ಗುಂಪಿನವರೆಲ್ಲ ಓಟದ ಅಂಗಿಯಲ್ಲೇ ಬಂದಿದ್ದರು, ಹೆಣದ ಸುತ್ತ ಹಟದ ಮಗುವಿನ ಬರಹ. ಕೋಚ್ ಸಾರ್ ಹೆಂಡತಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ಎದುರುಮನೆಯಲ್ಲಿದ್ದಷ್ಟು ದಿನವೂ ಜಾಸ್ತಿ ಮಾತಾಡಿದವರಲ್ಲ. ಗುಂಪಿನ ಹೊಸ ಮುಖಂಡ ಅವರ ಮುಂದೆ ಬಗ್ಗಿ, "ಆಂಟಿ, ನಾಳೆ ಸಾರ್‌ಗೋಸ್ಕರ ಇಲ್ಲಿ ತನಕ ಓಡ್ಕೊಂಡು ಬರ್ತೀವಿ. ಅಂಕಲ್ ಕೂಡ ಎಷ್ಟೋ ವರ್ಷ ಆದ್ಮೇಲೆ ಓಡ್ತಿದಾರೆ, ಸಾರ್ ಮೇಲಿನ ಅಭಿಮಾನಕ್ಕೆ" ಎಂದು ಇವರನ್ನು ತೋರಿಸಿದ.

ಆಕೆ ಇವರನ್ನು ನೋಡಿದರು, ಇವರ ಕಾಲನ್ನು ನೋಡಿದರು. "ನೀವಾ? ನಿಮ್ಮ ಕಾಲು ಮುರಿದಿತ್ತಲ್ವಾ?"

ಆಕೆ ನನ್ನ ಕಡೆ ತಿರುಗಿದರು.

"ನಿಮ್ಮನೆಯಿಂದ ಬಂದ ದಿನ ರಾತ್ರಿ ಊಟ ಮಾಡ್ಲಿಲ್ಲ ನಮ್ಮೆಜಮಾನ್ರು. 'ಆಯಮ್ಮ ಕೇಳೇಬಿಟ್ಲು' ಅಂದ್ರು. ಎಲ್ಲರಿಗೂ ಹೇಳ್ಬಿಡಿ, ಹಗುರ ಆಗುತ್ತೆ ಅಂದೆ. 'ನಾಳೆ ಹೇಳ್ತೀನಿ' ಅಂದ್ರು. ದಿನಾ ನಾಳೆ ಅಂತಿದ್ರು. ಕೊನೆಗೆ ಮನೇನೇ ಬಿಟ್ಟು ಬಂದ್ರು, ಹೇಳ್ಲಿಲ್ಲ." ಆಮೇಲೆ ಗುಂಪಿನವರ ಕಡೆ ಕತ್ತೆತ್ತಿ, ಅದೇ ದನಿಯಲ್ಲಿ ಹೇಳಿದರು. "ಅವರು ಹೇಳ್ಲಿಲ್ಲ, ನಾನು ಹೇಳ್ತೀನಿ. ಎರಡೂ ಮಂಡಿ ಹೋಗಿ ಎಷ್ಟೋ ವರ್ಷ ಆಗಿತ್ತು. ನೋವಿನ ಮಾತ್ರೆ ನುಂಗಿ ನುಂಗಿ ಕಿಡ್ನಿ ಹೋಯ್ತು. ಅದಕ್ಕೇ ಸತ್ತಿದ್ದು. ಓಡೋರು ಓಡಿ, ನಾನು ಬೇಡ ಅನ್ನಲ್ಲ. ಅವರ ಹೆಸರು ಹೇಳ್ಕೊಂಡು ಮಾತ್ರ ಕಾಲು ಕಳ್ಕೋಬೇಡಿ."

ಮುಖಂಡ ಪಕ್ಕದವನ ಕಿವಿಯಲ್ಲಿ, "ಆಂಟಿ ಶಾಕಲ್ಲಿದಾರೆ, ಬಿಡು ಮಗಾ" ಎಂದ. ಅಷ್ಟು ಕೇಳಿಯೂ ಅವನ ತಲೆಗೆ ಹೋದದ್ದು ಅಷ್ಟೇ.

ಆಗ ನಮ್ಮ ಮನೆಯವರು ಬಾಯಿಬಿಟ್ಟರು. "ಅವರು ಸರಿಯಾಗೇ ಇದಾರೆ ಕಣಪ್ಪಾ. ನನ್ನ ಹೆಸರು ತೆಗಿ."

"ಅಂಕಲ್, ಸಾರ್‌ಗೆ ಒಂದು ಗೌರವ..."

"ಗೌರವ ಇಲ್ಲೇ ಕೈ ಮುಗಿದು ಹೋಗ್ತೀನಿ. ನಂಗೆ ಬೆಟ್ಟ ಹತ್ತೋದಿದೆ."

ಎಷ್ಟು ವರ್ಷದಿಂದ ನಾನು ಹೇಳಿ ಆಗದ್ದನ್ನು ಆಕೆ ಗಂಡನ ಹೆಣದ ಪಕ್ಕ ಕೂತು ಆಗಿಸಿದರು. ಋಣ ಅನ್ನುವುದಿದ್ದರೆ ನನಗಿರುವುದು ಆ ತಾಯಿಯದು, ಗಂಡನದಲ್ಲ. ಆಕೆಯ ಕೈಯನ್ನು ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದೆ. ಹೊರಡುವಾಗ ಪೆಟ್ಟಿಯ ಮುಂದೆ ನಿಂತು ಹೂವು ಹಾಕಿದೆ. ಎರಡು ಕಾಲಿನ ಹೆಬ್ಬೆರಳೂ ಸೇರಿಸಿ ಬಿಳಿ ಬಟ್ಟೆಯಲ್ಲಿ ಕಟ್ಟಿದ್ದರು. ಬೇಡಿಕೊಳ್ಳದೆ ಬರಬಾರದು ಎಂದು ಬೇಡಿಕೊಂಡೆ: ಸ್ವಾಮೀ ಅಯ್ಯಪ್ಪಾ, ಮುಂದಿನ ಜನ್ಮದಲ್ಲಿ ಇವರಿಗೆ ಗಟ್ಟಿ ಮಂಡಿ ಕೊಡು, ಅದರ ಜೊತೆ ನಿಜ ಹೇಳುವ ನಾಲಿಗೆಯನ್ನೂ ಕೊಡು. ಎರಡರಲ್ಲಿ ಒಂದೇ ಕೊಡುವುದಾದರೆ ನಾಲಿಗೆಯನ್ನೇ ಕೊಡು.

ಮನೆಗೆ ಬಂದು ಬಾಗಿಲಲ್ಲೇ ಕಾಲು ತೊಳೆದು, ತಲೆಗೆ ನೀರು ಹಾಕಿಕೊಂಡು, ಉಟ್ಟ ಸೀರೆಯನ್ನೂ ಇವರ ಬಟ್ಟೆಯನ್ನೂ ಒಂದು ಬಕೆಟ್ಟಿನಲ್ಲಿ ನೆನೆಸಿ, ದೇವರಿಗೆ ದೀಪ ಹಚ್ಚಿದೆ. ಆಮೇಲೆ ಬೀರುವಿನಿಂದ ಮಾಲೆಗೆಂದು ತಂದಿಟ್ಟಿದ್ದ ಹೊಸ ಕಪ್ಪು ಪಂಚೆಗಳನ್ನು ತೆಗೆದೆ. ಕಪ್ಪು ಬಣ್ಣ ಬಿಡುತ್ತದೆ, ಮೊದಲ ಸಲ ಬೇರೆ ಬಟ್ಟೆಯ ಜೊತೆ ಹಾಕಬಾರದು. ಇನ್ನೊಂದು ಬಕೆಟ್ಟಿಗೆ ತಣ್ಣೀರು ತುಂಬಿ, ಎರಡು ಹಿಡಿ ಕಲ್ಲುಪ್ಪು ಕರಗಿಸಿ, ಪಂಚೆಗಳನ್ನು ಒಂದೊಂದಾಗಿ ಅದ್ದತೊಡಗಿದೆ.